ಸೋಲಾರ್ ಆಂಪ್ಲಿಫೈಯರ್: ಬಿಸಿಲೇರಿದ ಮೇಲೆ ಮಾತ್ರ ಗುರ್ ಅನ್ನುತ್ತದೆ

ತೋಟದಮನೆ:
ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಜಾಸ್ತಿ. ಅದಕ್ಕೆ ಹಾಡು ಕೇಳಲು ಒಂದು ಸೋಲಾರ್ ಡಬ್ಬಿ ಮಾಡಿಕೊಂಡೆ. 40 ವ್ಯಾಟ್ ಪ್ಯಾನೆಲ್, ಬ್ಯಾಟರಿ ಚಾರ್ಜ್ ಆಗುವುದನ್ನು ಹತೋಟಿಯಲ್ಲಿಡಲು ಅಗ್ಗದ ಪಿಡಬ್ಲ್ಯೂಎಂ ಚಾರ್ಜ್ ಕಂಟ್ರೋಲರ್, 12 ವೋಲ್ಟ್ 7 ಎಎಚ್ ಲೆಡ್ ಆಸಿಡ್ ಬ್ಯಾಟರಿ. ಆಂಪ್ಲಿಫೈಯರ್ ಟಿಡಿಎ7297 ಬೋರ್ಡ್. ಬ್ಲೂಟೂತ್ ಬೋರ್ಡಿಗೆ ಎಲ್‌ಎಂ2596 ಎಂಬ ವೋಲ್ಟೇಜ್ ಇಳಿಸುವ ಬೋರ್ಡಿನ ಮೂಲಕ 5 ವೋಲ್ಟ್. ಬ್ಲೂಟೂತಿನ ಹಾಡು ಆಂಪ್ಲಿಫೈಯರಿಗೆ ಹೋಗುವುದು ಆಕ್ಸ್ ವೈರಿನಲ್ಲಿ.

ಬೆಳಿಗ್ಗೆ ಹಾಡು ಚೆನ್ನಾಗಿ ಬರುತ್ತದೆ. 11:30 ದಾಟಿದ ಮೇಲೆ ಸ್ಪೀಕರ್‌ನಲ್ಲಿ ಗುರ್ ಅಂತ ಶುರು, ಅಂಗಳದಲ್ಲಿ ಟೆಂಪೋ ಚಾಲೂ ಇಟ್ಟು ನಿಲ್ಲಿಸಿದ ಹಾಗೆ. ಮೋಡ ಬಂದರೆ ಗಪ್‌ಚಿಪ್. ಮೋಡ ಸರಿದರೆ ಮತ್ತೆ ಗುರ್. ಸಪ್ಲೈಗೆ 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ಉಪಯೋಗವಿಲ್ಲ. ಬೇರೆ ಆಂಪ್ಲಿಫೈಯರ್ ಬೋರ್ಡ್ ತರಿಸಿ ಹಾಕಿದೆ, ಅದರಲ್ಲೂ ಇದೇ ಗೋಳು.

ಹಳೇ ರೇಡಿಯೋ:
ಅರ್ಥಿಂಗ್ ಇಲ್ಲದೆ ಹೀಗಾಗುತ್ತದೆ. ಒಂದು ರಾಡ್ ಹೂತು ಮೈನಸ್ ಅದಕ್ಕೆ ಕೊಟ್ಟು ನೋಡಿ.

ಬೆಸುಗೆ:
ರಾಡ್ ಹೂಳುವ ಶ್ರಮ ಬೇಡ. ಇದು ಡಬ್ಬಿಯೊಳಗಿನ ಜಗಳ, ನೆಲಕ್ಕೆ ಸಂಬಂಧವಿಲ್ಲ. ಮೋಡ ಬಂದರೆ ನಿಲ್ಲುತ್ತದೆ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಮೂರು ವಿಷಯ ಹೇಳಿ. ಗುರ್ ಶುರುವಾಗುವಾಗ ಬ್ಯಾಟರಿ ವೋಲ್ಟೇಜ್ ಎಷ್ಟು? ಆಂಪ್ಲಿಫೈಯರ್‌ನಿಂದ ಆಕ್ಸ್ ವೈರ್ ಕಿತ್ತರೆ ಸದ್ದು ಇರುತ್ತದಾ? ಆಂಪ್ಲಿಫೈಯರ್ ಮತ್ತು ಎಲ್‌ಎಂ2596, ಎರಡರ ಮೈನಸ್ ಎಲ್ಲೆಲ್ಲಿಗೆ ಹೋಗಿದೆ?

ತೋಟದಮನೆ:
ಈಗ ನೋಡಿ ಬಂದೆ. 14.4 ಮುಟ್ಟಿದ ಕೂಡಲೇ ಗುರ್. ಆಕ್ಸ್ ಕಿತ್ತರೆ ಪೂರ್ತಿ ನಿಶ್ಶಬ್ದ. ಆಂಪ್ಲಿಫೈಯರ್ ಕಂಟ್ರೋಲರ್‌ನ ಲೋಡ್ ಟರ್ಮಿನಲ್‌ಗೆ ಹೋಗಿದೆ. ಎಲ್‌ಎಂ2596 ಸೀದಾ ಬ್ಯಾಟರಿಗೆ. ಅಲ್ಲಿ ಜಾಗ ಇತ್ತು ಅಂತ ಸುಮ್ನೆ ಕೊಟ್ಟಿದ್ದೆ.

ಬೆಸುಗೆ:
ಸಿಕ್ಕಿತು. ಆ ‘ಸುಮ್ನೆ’ಯೇ ಕಳ್ಳ.

ಬ್ಯಾಟರಿ ಖಾಲಿ ಇರುವಾಗ ಕಂಟ್ರೋಲರ್ ಸ್ವಿಚ್ ಪೂರ್ತಿ ಆನ್ ಇಟ್ಟಿರುತ್ತದೆ. ಪ್ಯಾನೆಲ್ ಕರೆಂಟು ಸಮನಾಗಿ ಹರಿಯುತ್ತದೆ. 14.4 ಮುಟ್ಟಿದ ಮೇಲೆ ಅದೇ ಸ್ವಿಚ್ಚನ್ನು ಟಕಟಕ ಆನ್-ಆಫ್ ಮಾಡುತ್ತದೆ. ಪಿಡಬ್ಲ್ಯೂಎಂ ಅಂದರೆ ಅದೇ. ಅಗ್ಗದ ಕಂಟ್ರೋಲರ್‌ಗಳಲ್ಲಿ ಈ ಟಕಟಕ ಕಿವಿಗೆ ಕೇಳುವ ವೇಗದಲ್ಲೇ ಇರುತ್ತದೆ. ಮೋಡ ಬಂದರೆ ವೋಲ್ಟೇಜ್ ಇಳಿಯುತ್ತದೆ, ಸ್ವಿಚ್ ಮತ್ತೆ ಪೂರ್ತಿ ಆನ್, ಸದ್ದು ಬಂದ್.

ಇನ್ನು ಅದು ಹಾಡಿನೊಳಗೆ ನುಗ್ಗುವ ದಾರಿ. ನಿಮ್ಮ ಪ್ಯಾನೆಲ್ ಒಳ್ಳೆ ಬಿಸಿಲಿಗೆ ಸುಮಾರು 2 ಆಂಪಿಯರ್ ಕೊಡುತ್ತದೆ. ಅಷ್ಟೂ ಕಂಟ್ರೋಲರ್ ಮತ್ತು ಬ್ಯಾಟರಿ ನಡುವಿನ ಮೈನಸ್ ವೈರಿನಲ್ಲಿ ಹಾದುಹೋಗಬೇಕು. ಅದು 0.5 ಚದರ ಮಿಲಿಮೀಟರ್‌ನ ಸಣ್ಣ ವೈರ್, ಒಂದೂವರೆ ಮೀಟರ್ ಉದ್ದ ಅಂದುಕೊಳ್ಳಿ. ಅದರ ರೆಸಿಸ್ಟೆನ್ಸ್ ಸುಮಾರು 0.05 ಓಮ್. 2 ಆಂಪಿಯರ್‌ಗೆ 0.1 ವೋಲ್ಟ್. ಅಂದರೆ ವೈರಿನ ಈ ತುದಿಗೂ ಆ ತುದಿಗೂ 0.1 ವೋಲ್ಟ್ ಟಕಟಕ ಅನ್ನುತ್ತಿರುತ್ತದೆ. ಆಂಪ್ಲಿಫೈಯರ್ ಒಂದು ತುದಿಯಲ್ಲಿ, ಬ್ಲೂಟೂತ್ ಇನ್ನೊಂದು ತುದಿಯಲ್ಲಿ, ಎರಡನ್ನೂ ಜೋಡಿಸಿರುವುದು ಆಕ್ಸ್ ವೈರಿನ ಜಾಲರಿ, ಅಂದರೆ ಅದರ ಮೈನಸ್. ಆಂಪ್ಲಿಫೈಯರ್ ಅದನ್ನೂ ಹಾಡು ಅಂತಲೇ ತಿಳಿಯುತ್ತದೆ. ಟಿಡಿಎ7297 ಬಂದಿದ್ದನ್ನು ಸುಮಾರು 40 ಪಟ್ಟು ಹಿಗ್ಗಿಸುತ್ತದೆ. ಮತ್ತೆ ಗುರ್ ಅನ್ನದೆ ಇನ್ನೇನು ಮಾಡೀತು!

ಕೆಪಾಸಿಟರ್ ಯಾಕೆ ಕೆಲಸ ಮಾಡಲಿಲ್ಲ ಅಂತಲೂ ಈಗ ಗೊತ್ತಾಯಿತಲ್ವಾ? ನೀವು ಪ್ಲಸ್ ಕಡೆ ಬಾಗಿಲು ಹಾಕಿದಿರಿ, ಕಳ್ಳ ಮೈನಸ್ ಕಡೆಯಿಂದ ಬಂದ.

ಹಳೇ ರೇಡಿಯೋ:
ಮೈನಸ್ ಎಲ್ಲಾ ಒಂದೇ ಅಲ್ವಾ? ಲೋಡ್ ಮೈನಸ್ ಆದರೇನು, ಬ್ಯಾಟರಿ ಮೈನಸ್ ಆದರೇನು?

ಬೆಸುಗೆ:
ಹಾಗಂತ ನಾನೂ ವರ್ಷಗಟ್ಟಲೆ ನಂಬಿದ್ದೆ. ಇಂಥ ಕಂಟ್ರೋಲರ್‌ಗಳಲ್ಲಿ ಎಷ್ಟೋ ‘ಕಾಮನ್ ಪಾಸಿಟಿವ್’. ಪ್ಯಾನೆಲ್, ಬ್ಯಾಟರಿ, ಲೋಡ್ ಮೂರರ ಪ್ಲಸ್ ಒಳಗೆ ಸೇರಿರುತ್ತವೆ. ಮಾಸ್ಫೆಟ್ ಸ್ವಿಚ್ ಕೂತಿರುವುದು ಮೈನಸ್ ದಾರಿಯಲ್ಲಿ. ಎಲ್ಲಾ ವೈರ್ ಬಿಚ್ಚಿ ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ನೋಡಿ, ಮೂರು ಪ್ಲಸ್‌ಗೂ ಬೀಪ್ ಬರುತ್ತದೆ. ಅಂಥದ್ದರಲ್ಲಿ ಲೋಡ್ ಆಫ್ ಮಾಡಿದರೂ ನಿಮ್ಮ ಆಂಪ್ಲಿಫೈಯರ್ ಆಕ್ಸ್ ಜಾಲರಿ ಮೂಲಕ ಕರೆಂಟು ಎಳೆಯಬಹುದು. ಆ ಜಾಲರಿ ಅದಕ್ಕೆ ಹುಟ್ಟಿದ್ದಲ್ಲ, ಬಿಸಿಯಾದೀತು.

@ತೋಟದಮನೆ, ಎಲ್‌ಎಂ2596 ಅನ್ನೂ ಲೋಡ್ ಟರ್ಮಿನಲ್‌ಗೇ ತನ್ನಿ. ಎರಡನ್ನೂ ಬ್ಯಾಟರಿಗೆ ಕೊಟ್ಟರೂ ಸದ್ದು ಹೋಗುತ್ತದೆ. ಆದರೆ ಆಗ ಬ್ಯಾಟರಿ ಇಳಿದಾಗ ಕಂಟ್ರೋಲರ್ ಲೋಡ್ ಕಡಿಯುವುದಿಲ್ಲ. ರಾತ್ರಿ ಹಾಡು ಹಾಕಿ ಮಲಗಿದರೆ ಬೆಳಿಗ್ಗೆಗೆ ಬ್ಯಾಟರಿ ಕಥೆ ಮುಗಿದಿರುತ್ತದೆ. ಬ್ಯಾಟರಿ ಪ್ಲಸ್ ಬುಡದಲ್ಲಿ 5 ಆಂಪಿಯರ್ ಫ್ಯೂಸ್ ಇದೆ ತಾನೇ?

ತೋಟದಮನೆ:
ಇರಲಿಲ್ಲ. ಈಗ ಹಾಕಿದೆ. ಎಲ್‌ಎಂ2596 ಲೋಡಿಗೆ ತಂದೆ, ಗುರ್ ಮಾಯ! ಆದರೆ ಹಾಡು ನಿಂತಾಗ ಸೊಳ್ಳೆ ಹಾಗೆ ಸಣ್ಣ ಕುಂಯ್ ಇದೆ. ಇದು ರಾತ್ರಿಯೂ ಬರುತ್ತದೆ.

ಬೆಸುಗೆ:
ಅದು ಬೇರೆ ರೋಗ. ಬ್ಲೂಟೂತ್ ಚಿಪ್ ಕರೆಂಟನ್ನು ಗುಟುಕು ಗುಟುಕಾಗಿ ಕುಡಿಯುತ್ತದೆ, ಆ ಸದ್ದು ಮೈನಸ್ ಹಂಚಿಕೊಂಡ ಕಡೆಯಿಂದ ಬರುತ್ತದೆ. ಎಲ್‌ಎಂ2596 ಮತ್ತು ಬ್ಲೂಟೂತ್ ನಡುವೆ ಬಿ0505ಎಸ್ ಹಾಕಿ. 5 ವೋಲ್ಟ್ ಒಳಗೆ, 5 ವೋಲ್ಟ್ ಹೊರಗೆ, ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್. ಹಾಗಾಗಿ ಎರಡು ಬದಿಯ ಮೈನಸ್ ಬೇರೆ ಬೇರೆ. 1 ವ್ಯಾಟಿನದು ಸಾಕು, 200 ಮಿಲಿಆಂಪಿಯರ್ ಕೊಡುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿ, ಇಲ್ಲಾ ಪೋಸ್ಟಲ್ಲಿ ತರಿಸಿ. ಅದರ ಒಳಬದಿ ಮೈನಸ್ಸಿಗೂ ಹೊರಬದಿ ಮೈನಸ್ಸಿಗೂ ವೈರ್ ಸೇರಿಸಬೇಡಿ. ಸೇರಿಸಿದರೆ ಹಾಕಿದ್ದೂ ದಂಡ.

ಗಾಳಿಪಟ:
ನನ್ನದೂ ಟಿಡಿಎ7297. ವೈರ್ ಉಳಿಸಲು ಎರಡೂ ಸ್ಪೀಕರ್ ಮೈನಸ್ ಸೇರಿಸಿ ಗ್ರೌಂಡಿಗೆ ಕೊಡಬಹುದಾ?

ಬೆಸುಗೆ:
ಬೇಡವೇ ಬೇಡ. ಅದು ಬ್ರಿಡ್ಜ್ ಔಟ್‌ಪುಟ್. ಸ್ಪೀಕರ್ ಮೈನಸ್ ಅಂತ ಬರೆದ ಪಿನ್ ಕೂಡ ಸಪ್ಲೈನ ಅರ್ಧ ವೋಲ್ಟೇಜಿನಲ್ಲಿ ಇರುತ್ತದೆ. ನಾಲ್ಕು ವೈರ್ ಬೇಕೇ ಬೇಕು.

ತೋಟದಮನೆ:
ಬಿ0505ಎಸ್ ನಿನ್ನೆ ಬಂತು. ಇವತ್ತು ಮಧ್ಯಾಹ್ನ 1 ಗಂಟೆ, ರಣ ಬಿಸಿಲು, ಬ್ಯಾಟರಿ 14.4. ವಾಲ್ಯೂಮ್ ಪೂರ್ತಿ ಏರಿಸಿ ಹಾಡು ನಿಲ್ಲಿಸಿದೆ. ಸ್ಪೀಕರಿಗೆ ಕಿವಿ ಹಚ್ಚಿದರೆ ತೆಳ್ಳಗೆ ಉಸ್ ಮಾತ್ರ. ಅಮ್ಮ ಒಳಗಿಂದ ‘ಅದು ಮತ್ತೆ ಹಾಳಾಯ್ತಾ?’ ಅಂತ ಕೇಳಿದರು.