ಸಹಾಯ ಬೇಕು: ಮ್ಯಾಜಿಕ್ ಅರೀನಾದಲ್ಲಿ ರೇರ್ ವೈಲ್ಡ್‌ಕಾರ್ಡ್‌ಗಳನ್ನು ಯಾವುದಕ್ಕೆ ಬಳಸಬೇಕು?

ಎಲ್ಲರಿಗೂ ನಮಸ್ಕಾರ. ‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡ್ ಆಟವನ್ನು ಅದರ ಡಿಜಿಟಲ್ ರೂಪವಾದ ಅರೀನಾದಲ್ಲಿ ಆಡುತ್ತಿರುವ ನನಗೆ, ಡೆಕ್ (ಆಡಲು ಆಯ್ದುಕೊಂಡ ಕಾರ್ಡುಗಳ ಕಟ್ಟು) ಕಟ್ಟುವ ವಿಷಯದಲ್ಲಿ ಅನುಭವಿಗಳ ಸಲಹೆ ಬೇಕಾಗಿದೆ.

ಕಾಗದದ ಕಾರ್ಡುಗಳಾದರೆ ಬೇಡದ್ದನ್ನು ಗೆಳೆಯರಿಗೆ ಕೊಟ್ಟು ಬೇಕಾದದ್ದನ್ನು ಪಡೆಯಬಹುದು. 2002ರಿಂದಲೂ ಇರುವ ಇನ್ನೊಂದು ಡಿಜಿಟಲ್ ಆವೃತ್ತಿಯಾದ ಮ್ಯಾಜಿಕ್ ಆನ್‌ಲೈನ್‌ನಲ್ಲಿ ಕೂಡ ಅದಕ್ಕೆ ಅವಕಾಶವಿದೆ. ಅರೀನಾದಲ್ಲಿ ವಿನಿಮಯವೇ ಇಲ್ಲದಿರುವುದರಿಂದ, ಪ್ಯಾಕ್‌ನಲ್ಲಿ ಬಾರದ ಕಾರ್ಡನ್ನು ಅದೇ ವಿರಳತೆಯ ದರ್ಜೆಯ (ಉದಾಹರಣೆಗೆ ರೇರ್) ವೈಲ್ಡ್‌ಕಾರ್ಡ್, ಅಂದರೆ ಬೇಕಾದ ಕಾರ್ಡಾಗಿ ಬದಲಿಸಿಕೊಳ್ಳಬಹುದಾದ ಕಾರ್ಡ್, ಖರ್ಚು ಮಾಡಿ ಪಡೆಯಬೇಕಾಗುತ್ತದೆ. ಎರಡು ಬಣ್ಣಗಳ ಡೆಕ್ ಕಟ್ಟಲು ಹೊರಟರೆ, ಎರಡೂ ಬಣ್ಣಗಳ ಮಾನಾ (ಕಾರ್ಡುಗಳನ್ನು ಆಡಲು ಬೇಕಾದ ಶಕ್ತಿ) ಕೊಡುವ ಒಳ್ಳೆಯ ಲ್ಯಾಂಡ್‌ಗಳು ಬಹುತೇಕ ರೇರ್ ದರ್ಜೆಯವೇ ಆಗಿದ್ದು, ತಲಾ 4 ಪ್ರತಿಗಳಂತೆ ಎರಡು ಬಗೆಯವನ್ನು ಸೇರಿಸುವಷ್ಟರಲ್ಲಿ 8 ವೈಲ್ಡ್‌ಕಾರ್ಡ್‌ಗಳು ಮುಗಿದು, ನಿಜವಾಗಿ ಹೋರಾಡಬೇಕಾದ ಕ್ರೀಚರ್‌ಗಳಿಗೆ ಏನೂ ಉಳಿಯುವುದಿಲ್ಲ. ಮದುವೆಗೆ ಕೂಡಿಟ್ಟ ಹಣವೆಲ್ಲ ಚಪ್ಪರಕ್ಕೇ ಹೋದಂತೆ! ಇಷ್ಟೆಲ್ಲ ಮಾಡಿದರೂ ಸ್ಟ್ಯಾಂಡರ್ಡ್ ಎಂಬ ಆಟದ ಮಾದರಿಯಲ್ಲಿ ಹಳೆಯ ಕಾರ್ಡ್ ಸೆಟ್‌ಗಳು ಕಾಲಕ್ರಮದಲ್ಲಿ ಹೊರಬೀಳುತ್ತವೆ. ಆಲ್ಕೆಮಿ ಮಾದರಿಯಲ್ಲಂತೂ ಕೈಯಲ್ಲಿರುವ ಕಾರ್ಡಿನ ಬಲವೇ ಬದಲಾಗಬಹುದು.

ಹೀಗಿರುವಾಗ ಮೊದಲು ಲ್ಯಾಂಡ್‌ಗಳನ್ನೇ ಮಾಡಿಕೊಳ್ಳುವುದು ಜಾಣತನವೇ, ಅಥವಾ ಕೆಂಪು ಬಣ್ಣವೊಂದರ ಡೆಕ್‌ನಲ್ಲಿ ಆಡುತ್ತ ವೈಲ್ಡ್‌ಕಾರ್ಡ್‌ಗಳನ್ನು ಕೂಡಿಡುವುದು ಮೇಲೇ? ಪ್ರತಿ ಕಾರ್ಡಿನ ಒಂದೇ ಪ್ರತಿ ಸಾಕಾಗುವ ಬ್ರಾಲ್ ಮಾದರಿಯ ಕಡೆಗೆ ನನ್ನ ಮನಸ್ಸು ವಾಲುತ್ತಿದೆಯಾದರೂ, ಅಲ್ಲಿ ಬೇರೆಬೇರೆ ಕಾರ್ಡುಗಳು ಹೆಚ್ಚು ಬೇಕಾಗುವುದರಿಂದ ಖರ್ಚು ನಿಜಕ್ಕೂ ಇಳಿಯುತ್ತದೆಯೇ ಎಂಬ ಅನುಮಾನವಿದೆ. ಇನ್ನೊಂದು ಸಣ್ಣ ಪ್ರಶ್ನೆ: ಒಂದೇ ಆಟದಲ್ಲಿ ಮುಗಿಯುವ ಪಂದ್ಯಗಳಲ್ಲಿ ಆರಂಭದಲ್ಲಿ ಕೈಗೆ ಬರುವ ಲ್ಯಾಂಡ್‌ಗಳ ಪ್ರಮಾಣವನ್ನು ಅರೀನಾವೇ ಸ್ವಲ್ಪ ಸರಿದೂಗಿಸುವುದರಿಂದ, 60 ಕಾರ್ಡುಗಳ ಡೆಕ್‌ನಲ್ಲಿ ನೀವು ಎಷ್ಟು ಲ್ಯಾಂಡ್ ಇಡುತ್ತೀರಿ?

ಹಣ ಕೊಟ್ಟು ಜೆಮ್ಸ್ (ಆಟದೊಳಗಿನ ನಾಣ್ಯ) ಕೊಳ್ಳುವ ಸಲಹೆಯೊಂದನ್ನು ಬಿಟ್ಟು ಬೇರಾವುದಾದರೂ ಸರಿ, ದಯವಿಟ್ಟು ತಿಳಿಸಿ.