ಕ್ಲಚ್ ‘ಹಿಡಿಯುವುದು’: ಕಾಲಿನ ಕೆಲಸವೋ, ಪ್ಲೇಟಿನ ಕೆಲಸವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಿಂದ ಒಂದು ಗ್ಯಾರೇಜಿನ ಪ್ರಶ್ನೆ. ಹಳೇ ಜೀಪಿಗೆ ಜಾಸ್ತಿ ಪವರಿನ ಇಂಜಿನ್ ಕೂರಿಸುವವರು ಯಾವ ಕ್ಲಚ್, ಯಾವ ಗೇರ್‌ಬಾಕ್ಸ್ ಆರಿಸಬೇಕು ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಇಲ್ಲಿನ ಮೆಕ್ಯಾನಿಕ್‌ಗಳು, ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದವರು. ಇಂಜಿನ್ ಬದಲಿಸಲು ಆರ್‌ಟಿಓ ಒಪ್ಪಿಗೆ ಬೇಕು ಅನ್ನುವುದನ್ನು ಮೊದಲ ಪುಟದಲ್ಲೇ ಹಾಕಿದ್ದೇನೆ, ಆ ಚರ್ಚೆ ಇಲ್ಲಿ ಬೇಡ. ನನಗೆ ತೊಡಕಾಗಿರುವುದು ಕ್ರಿಯಾಪದಗಳು.

ಗಾಡಿಯ ಅಡಿಯಿಂದ ಮೆಕ್ಯಾನಿಕ್ ‘ಕ್ಲಚ್ ಹಿಡಿಯೋ’ ಅಂತ ಕೂಗಿದರೆ ಸೀಟಿನಲ್ಲಿ ಕೂತ ಹುಡುಗ ಪೆಡಲ್ ಒತ್ತುತ್ತಾನೆ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಕೊಂಡಿ ತಪ್ಪುತ್ತದೆ. ಅದೇ ಮೆಕ್ಯಾನಿಕ್ ಹೊರಗೆ ಬಂದು ಗಿರಾಕಿಗೆ ‘ಕ್ಲಚ್ ಹಿಡೀತಿಲ್ಲ ಸಾರ್’ ಅಂದರೆ ಅರ್ಥ ಪೂರ್ತಿ ಉಲ್ಟಾ. ಒಳಗಿನ ಕ್ಲಚ್ ಪ್ಲೇಟ್ (ಇಂಜಿನ್ನಿನ ತಿರುಗಾಟವನ್ನು ಗೇರ್‌ಬಾಕ್ಸಿಗೆ ದಾಟಿಸುವ ಬಿಲ್ಲೆ) ಜಾರುತ್ತಿದೆ, ಕೊಂಡಿ ಕೂಡುತ್ತಿಲ್ಲ. ‘ಬಿಡು’ ಕೂಡ ಹಾಗೇ. ‘ಕ್ಲಚ್ ಬಿಡು’ ಅಂದರೆ ಗಾಡಿ ಹೊರಡುತ್ತದೆ. ‘ಕ್ಲಚ್ ಬಿಡ್ತಿಲ್ಲ’ ಅಂದರೆ ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟ್ ಅಂಟಿಕೊಂಡೇ ತಿರುಗುತ್ತಿದೆ, ಗೇರ್ ಹಾಕಲು ಹೋದರೆ ಗರ್ರ್ ಅನ್ನುತ್ತದೆ.

ಮಾತಿನಲ್ಲಿ ಇದು ಯಾರನ್ನೂ ಕಾಡುವುದಿಲ್ಲ. ಹಿಡಿಯುವವರು ಯಾರು ಅಂತ ಕೂಗಿದ ರೀತಿಯಲ್ಲೇ ಗೊತ್ತಾಗುತ್ತದೆ. ಬರಹದಲ್ಲಿ ಮಾತ್ರ ಎಡವಟ್ಟು. ಸದ್ಯಕ್ಕೆ ಕಾಲಿನ ಕೆಲಸಕ್ಕೆ ‘ಒತ್ತು’, ಪ್ಲೇಟಿನ ಕೆಲಸಕ್ಕೆ ‘ಹಿಡಿ’ ಅಂತ ಹಂಚಿದ್ದೇನೆ. ಬೈಕಿನವರು ಇದನ್ನು ಒಪ್ಪಲಾರರು. ಅವರದು ಕೈಯ ಲಿವರ್, ಹಿಡಿಯದೆ ಇನ್ನೇನು ಮಾಡುತ್ತಾರೆ! ನಿಮಗೆ ಬೇರೆ ದಾರಿ ಕಾಣುತ್ತದಾ?

ಎರಡನೇ ಜೋಡಿ ‘ಹಿಡಿ’ ಮತ್ತು ‘ಕಚ್ಚು’. ಇವುಗಳ ವ್ಯತ್ಯಾಸ ಗೊತ್ತಿಲ್ಲದಿದ್ದರೆ ದುಡ್ಡು ಹೋಗುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಲಚ್ಚಿನ ಹಿಡಿತ ನಿಂತಿರುವುದು ನಾಲ್ಕರ ಮೇಲೆ: ಪ್ರೆಶರ್ ಪ್ಲೇಟ್ ಎಷ್ಟು ಬಿಗಿಯಾಗಿ ಅದುಮುತ್ತದೆ, ಪ್ಲೇಟಿನ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಎಷ್ಟು ತರಿ, ಪ್ಲೇಟ್ ಎಷ್ಟು ಅಗಲ, ಉಜ್ಜುವ ಮುಖಗಳು ಎಷ್ಟು. ಬಿಗಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್ ಹಾಕಿದರೆ ಹಿಡಿತ ಹೆಚ್ಚುತ್ತದೆ, ಆದರೆ ಪೆಡಲ್ ಕಲ್ಲಾಗುತ್ತದೆ. ಸೆರಾಮಿಕ್ ಪ್ಲೇಟ್ ಹಾಕಿದರೂ ಹೆಚ್ಚುತ್ತದೆ. ಅದನ್ನು ಕೈಯಲ್ಲಿ ಹಿಡಿದು ನೋಡಿ: ಸುತ್ತಲೂ ಲೈನಿಂಗ್ ಇರುವುದಿಲ್ಲ, ಅಲ್ಲಲ್ಲಿ ನಾಲ್ಕೋ ಆರೋ ದಪ್ಪ ತುಂಡುಗಳನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಇದು ಹಿಡಿಯುವುದಷ್ಟೇ ಅಲ್ಲ, ಕಚ್ಚುತ್ತದೆ. ಪೆಡಲ್ ಒಂದು ಬೆರಳಷ್ಟು ಮೇಲೆ ಬಂತೋ ಇಲ್ಲವೋ ಗಾಡಿ ಎಗರುತ್ತದೆ. ರೇಸಿಗೆ ಸರಿ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸಿನ ಹಿಂದೆ ಸಿಕ್ಕಿಕೊಂಡು ಇಂಚಿಂಚು ಹತ್ತಿಸುವವರಿಗೆ ನರಕ. ಎರಡು ಪ್ಲೇಟಿನ ಕ್ಲಚ್ ಬೇರೆ ಥರ. ಒಂದು ಪ್ಲೇಟಿಗೆ ಎರಡು ಮುಖ, ಎರಡಕ್ಕೆ ನಾಲ್ಕು. ಅದೇ ಸ್ಪ್ರಿಂಗ್, ಅದೇ ಅಳತೆಯ ಪ್ಲೇಟ್, ಅದೇ ಲೈನಿಂಗ್ ಇದ್ದರೂ ಹಿಡಿತ ಇಮ್ಮಡಿ. ಮಾಮೂಲಿ ಲೈನಿಂಗ್ ಆದರೆ ಕಚ್ಚುವುದೂ ಕಡಿಮೆ. ಬೆಲೆ ಮಾತ್ರ ಜಾಸ್ತಿ.

ಅಂಗಡಿಯವರು ಎಲ್ಲವನ್ನೂ ‘ಹೆವಿ ಡ್ಯೂಟಿ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಮ್ಮ ‘ಹಿಡಿತ’ ಮತ್ತು ‘ಕಚ್ಚು’ ಅದಕ್ಕಿಂತ ಎಷ್ಟೋ ಮೇಲು ಅಂತ ನನ್ನ ಅನಿಸಿಕೆ. ಆದರೆ ‘ಕಚ್ಚು’ವಿಗೆ ನಾಮಪದ ಬೇಕಲ್ಲ. ‘ಕಚ್ಚುವಿಕೆ’ ಪಠ್ಯಪುಸ್ತಕದ ಥರ ಕೇಳುತ್ತದೆ. ‘ಕಡಿತ’ ಅಂದರೆ ಸೊಳ್ಳೆ ನೆನಪಾಗುತ್ತದೆ, ಇಲ್ಲವೇ ಸಂಬಳ ಕಡಿತ.

ಇನ್ನು ‘ಪವರ್’. ಗ್ಯಾರೇಜ್ ಕನ್ನಡದಲ್ಲಿ ಎಚ್‌ಪಿಯೂ ಪವರ್, ಟಾರ್ಕೂ (ಶಾಫ್ಟನ್ನು ತಿರುಚುವ ಬಲ) ಪವರ್. ಕ್ಲಚ್ ಆರಿಸುವಾಗ ಇದು ದಾರಿ ತಪ್ಪಿಸುತ್ತದೆ. 2020ರಲ್ಲಿ ಬಂದ ಥಾರ್ ನೋಡಿ. ಪೆಟ್ರೋಲಿನದು ಸುಮಾರು 150 ಎಚ್‌ಪಿ, ಡೀಸೆಲಿನದು 130. ಮ್ಯಾನ್ಯುಯಲ್ ಗೇರಿನಲ್ಲಿ ಎರಡರ ಟಾರ್ಕೂ 300 ನ್ಯೂಟನ್ ಮೀಟರ್. ಅಂದರೆ 20 ಎಚ್‌ಪಿ ವ್ಯತ್ಯಾಸ ಇದ್ದರೂ ಕ್ಲಚ್ ಹಿಡಿಯಬೇಕಾದ ತಿರುಚು ಒಂದೇ. ಗೇರ್‌ಬಾಕ್ಸೂ ಹಾಗೇ. ಮೆಕ್ಸಿಕೋದ ಟ್ರೆಮೆಕ್ ಕಂಪನಿಯ ಟಿಕೆಎಕ್ಸ್ ಗೇರ್‌ಬಾಕ್ಸಿಗೆ ಕಂಪನಿ ಹೇಳುವ ತಾಳಿಕೆ 600 ಪೌಂಡ್ ಅಡಿ, ನಮ್ಮ ಲೆಕ್ಕದಲ್ಲಿ 813 ನ್ಯೂಟನ್ ಮೀಟರ್ ಆಸುಪಾಸು. ಅದು ಟಾರ್ಕಿನ ಲೆಕ್ಕ. ಕ್ಲಚ್ ತಗೊಳ್ಳುವಾಗ ಇಂಜಿನ್ನಿನ ಟಾರ್ಕಿಗಿಂತ ಕಾಲು ಭಾಗವಾದರೂ ಜಾಸ್ತಿ ಹಿಡಿಯುವಂಥದ್ದು ತಗೊಳ್ಳಿ ಅಂತ ಬರೆದಿದ್ದೇನೆ.

ಈ ಟಾರ್ಕಿಗೆ ಕನ್ನಡದ ಪದ ಯಾವುದು? ‘ಭ್ರಾಮಕ’ ಗ್ಯಾರೇಜಿನಲ್ಲಿ ನಡೆಯುವುದಿಲ್ಲ. ‘ಎಳೆತ’ ಚಂದ ಇದೆ, ಎಲ್ಲರ ಬಾಯಲ್ಲೂ ಇದೆ, ಆದರೆ ಅದು ಚಕ್ರದ ಮಾತು. ಕೊಡಚಾದ್ರಿ ಹತ್ತುವ ಹಳೇ ಜೀಪುಗಳ ಎಚ್‌ಪಿ ಹೇಳಿಕೊಳ್ಳುವಷ್ಟಿಲ್ಲ. ಆದರೂ ಫಸ್ಟ್ ಗೇರ್, ಅದರ ಮೇಲೆ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರ್) ಹಾಕಿದರೆ ಇಂಜಿನ್ನಿನ ಟಾರ್ಕ್ ಗುಣಿಸಿಕೊಂಡು ಚಕ್ರಕ್ಕೆ ಬರುತ್ತದೆ. ಎಳೆತ ಅಂದರೆ ಅದು. ದೊಡ್ಡ ಟೈರ್ ಹಾಕಿ, ಫಸ್ಟ್ ಗೇರ್ ಉದ್ದ ಇರುವ, ಅಂದರೆ ಟಾರ್ಕನ್ನು ಕಡಿಮೆ ಗುಣಿಸುವ ಗೇರ್‌ಬಾಕ್ಸ್ ಕೂರಿಸಿದವರು ಏರಿನಲ್ಲಿ ಹೊರಡುವಾಗೆಲ್ಲ ಅರ್ಧ ಕ್ಲಚ್ಚಿನಲ್ಲೇ ಎಳೆಸಬೇಕು. ಎಷ್ಟು ಒಳ್ಳೇ ಕ್ಲಚ್ ಆದರೂ ಸುಟ್ಟ ವಾಸನೆ ಬರುತ್ತದೆ, ಫ್ಲೈವೀಲಿನ (ಪ್ಲೇಟ್ ಒತ್ತಿಕೊಳ್ಳುವ, ಇಂಜಿನ್ ಕಡೆಯ ಭಾರದ ಚಕ್ರ) ಮೇಲೆ ನೀಲಿ ಕಲೆ ಬೀಳುತ್ತದೆ. ಹಾಗಾಗಿ ಶಾಫ್ಟಿನದಕ್ಕೆ ‘ಟಾರ್ಕ್’, ಚಕ್ರದ್ದಕ್ಕೆ ‘ಎಳೆತ’ ಅಂತ ಬೇರೆ ಮಾಡಿದ್ದೇನೆ. ಇಲ್ಲಿ ನನಗೆ ಅನುಮಾನವಿಲ್ಲ, ತಕರಾರಿದ್ದರೆ ಹೇಳಿ.

‘ಟ್ರಾನ್ಸ್‌ಮಿಷನ್’ ಅನ್ನು ಯಾರೋ ‘ಪ್ರಸರಣ’ ಮಾಡಿ ಅಂದರು. ಬೇಡ. ಪ್ರಸರಣ ಅಂದರೆ ನಮಗೆ ಭದ್ರಾವತಿ ಆಕಾಶವಾಣಿ, ಇಲ್ಲ ವಿದ್ಯುತ್ ಪ್ರಸರಣ ನಿಗಮ. ‘ಗೇರ್‌ಬಾಕ್ಸ್’ ಇರಲಿ.

ಕೊನೆಗೆ ಸದ್ದಿನ ಪದಗಳು. ಜನರಲ್ ಮೋಟರ್ಸಿನ ಎಂ22 ಅನ್ನುವ ಹಳೇ ನಾಲ್ಕು ಗೇರಿನ ಬಾಕ್ಸಿಗೆ ಅಮೆರಿಕದವರು ‘ರಾಕ್ ಕ್ರಷರ್’ ಅಂತಲೇ ಹೆಸರಿಟ್ಟರು. ಅದರ ಗೇರ್ ಹಲ್ಲುಗಳ ಓರೆ ಕಡಿಮೆ, ಅದಕ್ಕೇ ಗಟ್ಟಿ, ಅದಕ್ಕೇ ಗಲಾಟೆ. ನಮ್ಮಲ್ಲಿ ಗೇರ್‌ಬಾಕ್ಸ್ ಸದ್ದಿಗೆ ‘ಕುಂಯ್’, ‘ಗುಂಯ್’, ‘ಗರ್ರ್’ ಎಲ್ಲ ಇವೆ, ಯಾವುದು ಬೇರಿಂಗಿನದು, ಯಾವುದು ಹಲ್ಲಿನದು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪೆಡಲ್ ಒತ್ತಿದಾಗ ಮಾತ್ರ ಬರುವ, ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟನ್ನು ಸಡಿಲಿಸುವ ಬೇರಿಂಗ್) ಸವೆದ ಸದ್ದಿಗೆ ನಿಮ್ಮ ಕಡೆ ಏನನ್ನುತ್ತಾರೆ? ಕ್ಲಚ್ ಬಿಡುವಾಗ ಇಡೀ ಗಾಡಿ ಅದುರುವುದಕ್ಕೆ? ಸಾಗರ, ಕೊಪ್ಪ, ಶೃಂಗೇರಿ ಕಡೆಯವರು ಊರಿನ ಹೆಸರು ಸಮೇತ ಬರೆದರೆ ಪದದ ಪಕ್ಕದಲ್ಲೇ ಹಾಕಿಕೊಳ್ಳುತ್ತೇನೆ.