ಸಾಕ್ರೆಟೀಸನಿಗೆ ಸತ್ಯ ಗೊತ್ತಿರ್ಲಿಲ್ವಾ ಅಂತ ಕೇಳಿದ ಹುಡುಗನಿಗೆ ಎಂತ ಹೇಳುದು?

ಬೇಳದವಳು:
ಆದಿತ್ಯವಾರ ಪೂಜೆ ಮುಗಿದ ಮೇಲೆ ಎಂಟನೇ ಕ್ಲಾಸಿನ ಮಕ್ಕಳಿಗೆ ದೊತೊರ್ನ್ (ಚರ್ಚಿನ ಧರ್ಮಪಾಠ) ತೆಗೊಳ್ಳುದು ನಾನು, ವಾಡೆಯ (ಚರ್ಚಿಗೆ ಸೇರಿದ ನಮ್ಮ ವಠಾರದ) ವಾಟ್ಸಾಪ್ ಗ್ರೂಪಿಗೆ ದಿನಾ ಒಂದು ಚಿಂತನೆ ಹಾಕುವ ಕೆಲಸವೂ ನನ್ನ ತಲೆಗೇ ಕಟ್ಟಿದ್ದಾರೆ. ಮೊನ್ನೆ "ನಾನೇ ಸತ್ಯ ಅಂತ ಯೇಸು ಹೇಳಿದ್ದು" ಅಂತ ಪಾಠ ಮಾಡುವಾಗ ಹಿಂದಿನ ಬೆಂಚಿನವ ಒಬ್ಬ ಎದ್ದು, "ಟೀಚರೇ, ಸಾಕ್ರೆಟೀಸ್ ವಿಷ ಕುಡಿದದ್ದು ಕ್ರಿಸ್ತಪೂರ್ವ 399ರಲ್ಲಿ ಅಲ್ವಾ, ಹಾಗಾದ್ರೆ ಅವನಿಗೆ ಸತ್ಯ ಗೊತ್ತಿರ್ಲಿಲ್ವಾ?" ಅಂತ. ನಾನು ಬೋರ್ಡ್ ಒರೆಸ್ಲಿಕ್ಕೆ ತಿರುಗಿದೆ, ಬೋರ್ಡಲ್ಲಿ ಎಂತದೂ ಬರೆದಿರ್ಲಿಲ್ಲ ಮಾರಾಯ್ರೆ. ಜೂನ್ 1ಕ್ಕೆ ಸಂತ ಜಸ್ಟಿನನ ಹಬ್ಬ ಬೇರೆ ಉಂಟು, ಅವ ತತ್ವಜ್ಞಾನಿ ಅಂತಷ್ಟೇ ಗೊತ್ತು. ಎಂತಾದ್ರೂ ಹೇಳಿ.

ಕುಂಬ್ಳೆಕರೆ:
ಟೀಚರೇ, ನಿಮ್ಮ ಹುಡುಗನಿಗೆ ಉತ್ತರ ಕೊಟ್ಟವನೇ ಆ ಜಸ್ಟಿನ್. ಸಮಾರ್ಯದವ, ಸತ್ಯ ಬೇಕು ಅಂತ ಮೇಷ್ಟ್ರಿಂದ ಮೇಷ್ಟ್ರಿಗೆ ತಿರುಗಿದ್ದು. ಸ್ಟೋಯಿಕ್ ಅನ್ನುವ ತತ್ವಪಂಥದವನಿಗೆ ದೇವರ ವಿಷಯವೇ ಬೇಡ, ಅರಿಸ್ಟಾಟಲನ ಪಂಥದವ ನಾಲ್ಕು ದಿನ ಆದದ್ದೇ ಫೀಸಿನ ಮಾತು ತೆಗೆದ, ಪೈಥಾಗೊರಸನ ಕಡೆಯವ ಸಂಗೀತ, ಖಗೋಳ, ರೇಖಾಗಣಿತ ಎಲ್ಲ ಕಲ್ತು ಬಾ ಅಂತ ವಾಪಸ್ ಕಳಿಸಿದ (ಈಗಿನ ಎಂಟ್ರೆನ್ಸ್ ಪರೀಕ್ಷೆ ಹಾಗೆ). ಆಮೇಲೆ ಪ್ಲೇಟೋ ಓದಿ ಇನ್ನು ದೇವರನ್ನು ನೋಡಿಯೇ ಬಿಡ್ತೇನೆ ಅಂತ ಇರುವಾಗ ಕಡಲಕರೆಯ ಹತ್ರ ಒಬ್ಬ ಮುದುಕ ಸಿಕ್ಕಿ ಪ್ರವಾದಿಗಳ ಬಗ್ಗೆ ಹೇಳಿದ್ದು. ಕ್ರೈಸ್ತ ಆದ ಮೇಲೂ ತತ್ವಜ್ಞಾನಿಯ ಆ ಮೇಲುಹೊದಿಕೆ ತೆಗೀಲಿಲ್ಲ, ರೋಮಿನಲ್ಲಿ ಕಲಿಸ್ತಾ ಇದ್ದ, ಸುಮಾರು ಕ್ರಿಸ್ತಶಕ 165ರಲ್ಲಿ ತಲೆ ಕಡಿದ್ರು. ದಿವ್ಯವಾಣಿಗೆ (ಗ್ರೀಕಿನಲ್ಲಿ ಲೋಗೋಸ್, ಎಲ್ಲರೊಳಗೂ ಇರುವ ದೇವರ ವಿವೇಕ) ಸರಿಯಾಗಿ ಬದುಕಿದವ್ರು ಕ್ರೈಸ್ತರೇ, ನಾಸ್ತಿಕ ಅನ್ನಿಸಿಕೊಂಡ್ರೂ ಸಹ, ಅಂತ ಅವ ಬರೆದದ್ದುಂಟು, ಅದ್ರಲ್ಲಿ ಸಾಕ್ರೆಟೀಸನ ಹೆಸ್ರೇ ಉಂಟು.

ಉಪ್ಪಳದವ:
ಇದು ಜಾರುವ ಜಾಗ. ಎಲ್ಲ ಒಂದೇ ಅಂತ ಮಕ್ಕಳ ತಲೆಗೆ ಹಾಕ್ಬೇಡಿ. ಅಥೆನ್ಸಿಗೂ ಜೆರುಸಲೇಮಿಗೂ, ಅಂದ್ರೆ ತತ್ವಜ್ಞಾನಕ್ಕೂ ನಮ್ಮ ವಿಶ್ವಾಸಕ್ಕೂ, ಎಂತ ಸಂಬಂಧ ಅಂತ ಕಾರ್ತೇಜಿನ ಹಳೇ ಕ್ರೈಸ್ತ ಲೇಖಕ ತೆರ್ತುಲಿಯನ್ ಕೇಳಿದ್ದು ಸುಮ್ನೆ ಅಲ್ಲ.

ಕುಂಬ್ಳೆಕರೆ:
ಆ ತೆರ್ತುಲಿಯನ್ನೇ ಕಡೆಗೆ ಚರ್ಚ್ ಒಪ್ಪದ ಮೊಂಟಾನಸನ ಪಂಥಕ್ಕೆ ವಾಲಿದ್ದು, ಇರ್ಲಿ. ಜಸ್ಟಿನ್ ಎಲ್ಲ ಒಂದೇ ಅಂತ ಹೇಳ್ಲಿಲ್ಲ. ಸಾಕ್ರೆಟೀಸನಂಥವ್ರಿಗೆ ಸಿಕ್ಕಿದ್ದು ದಿವ್ಯವಾಣಿಯ ಬೀಜ, ಇಡೀ ದಿವ್ಯವಾಣಿ ಕ್ರಿಸ್ತನೇ ಅಂತ ಹೇಳಿದ್ದು. ಬೀಜ ಅಂದ್ರೆ ತೆಂಗಿನಮರ ಅಲ್ಲ, ಆದ್ರೆ ಕಲ್ಲೂ ಅಲ್ವಲ್ಲ. 1965ರಲ್ಲಿ ಕಥೋಲಿಕ ಬಿಷಪರ ವ್ಯಾಟಿಕನ್ ಮಹಾಸಭೆಯೂ ಆ ಬೀಜದ ಮಾತನ್ನೇ ತೆಗೊಂಡಿತ್ತು.

ಮಂಜೇಶ್ವರ ಮೇಷ್ಟ್ರು:
ಅಷ್ಟು ದೂರ ಯಾಕೆ ಹೋಗ್ತೀರಿ, ನಮ್ಮೂರಿನ ಗೋವಿಂದ ಪೈಗಳು ಕ್ರಿಸ್ತನ ಕಡೇ ದಿನದ ಬಗ್ಗೆ 'ಗೊಲ್ಗೊಥಾ' ಬರೆದ್ರು, ಬುದ್ಧನ ಕಡೇ ದಿನದ ಬಗ್ಗೆ 'ವೈಶಾಖಿ'. ದೀಕ್ಷಾಸ್ನಾನ ತೆಗೊಂಡು ಬರೆದದ್ದಲ್ಲ. ಮತ್ತೆ ಟೀಚರೇ, ಬೋರ್ಡ್ ಖಾಲಿ ಇದ್ದದ್ದಕ್ಕೆ ಬೇಜಾರ್ ಬೇಡ. ಸಂತ ಅಗಸ್ಟಿನ್ ತನ್ನ ಮಗನ ಜೊತೆ ಮಾತಾಡ್ತಾ ಇದನ್ನೇ ಹೇಳಿದ್ದು, ಮೇಷ್ಟ್ರ ಮಾತು ಬರೀ ಗುರುತು, ಒಳಗೆ ಕಲಿಸುದು ಕ್ರಿಸ್ತ ಅಂತ.

ಬೇಳದವಳು:
ನಿನ್ನೆ ಕ್ಲಾಸಲ್ಲಿ ಫೀಸಿನ ಕಥೆ ಹೇಳಿದೆ, ಎಲ್ಲ ನಕ್ಕದ್ದೇ ನಕ್ಕದ್ದು. ಅದೇ ಹುಡುಗ ಮತ್ತೆ ಎದ್ದ. "ಆ ಮುದುಕ ಫೀಸು ಕೇಳಿದ್ನಾ ಟೀಚರೇ?" ಇಲ್ಲ ಮಗಾ, ಮಾತು ಮುಗಿಸಿ ಹೋದವ ಮತ್ತೆ ಜಸ್ಟಿನನಿಗೆ ಸಿಗ್ಲೇ ಇಲ್ಲ ಅಂದೆ. ಅವ ಸುಮ್ನೆ ಕೂತ.